ಬಿ ಸೈಡಿನ ಹಾಡುಗಳಿಗೆ ಒಂದು ಗಂಟೆ

ಪ್ರಿಯ ಓದುಗರೇ,

ಹಾಡುವವರು, ನುಡಿಸುವವರು ತಾವೇ ರೇಡಿಯೋದಲ್ಲಿ ಕೂತು ಹಾಡು ಆರಿಸಿದರೆ ಅದರ ರುಚಿಯೇ ಬೇರೆ. ಬ್ರಿಟನ್ನಿನಲ್ಲಿರುವ ನಮಗೆ ಈ ಭಾಗ್ಯ ವಾರವಾರವೂ ಸಿಗುತ್ತಿದೆ. ಬಿಬಿಸಿ 6 ಮ್ಯೂಸಿಕ್‌ನಲ್ಲಿ ಭಾನುವಾರ ಮಧ್ಯಾಹ್ನ ಎಲ್ಬೋ ಬ್ಯಾಂಡಿನ ಗಾಯಕ ಗೈ ಗಾರ್ವಿ ಬರುತ್ತಾರೆ. ಎಲ್ಲರಿಗೂ ಬಾಯಿಪಾಠವಾಗಿರುವ ಹಾಡುಗಳನ್ನೇ ಅವರು ಹಾಕುತ್ತಾ ಕೂರುವುದಿಲ್ಲ. ಯಾರೂ ಕೇಳದೆ ಬಿಟ್ಟ ಒಂದನ್ನು ಹುಡುಕಿ ತಂದು, ತಮಗೆ ಅದು ಯಾಕೆ ಇಷ್ಟ ಅಂತ ಎರಡು ಮಾತು ಹೇಳಿ ನಮ್ಮ ಕೈಗೆ ಕೊಡುತ್ತಾರೆ. ಈ ವಾಹಿನಿಯನ್ನೇ ಮುಚ್ಚುವ ಪ್ರಸ್ತಾವ 2010ರಲ್ಲಿ ಬಂದಿತ್ತು. ಕೇಳುಗರು ಗಟ್ಟಿಯಾಗಿ ನಿಂತು ಅದನ್ನು ಉಳಿಸಿಕೊಂಡರು.

ಅಮೆರಿಕದಲ್ಲಿ ಗಾಯಕ ಬಾಬ್ ಡಿಲನ್ ಕೂಡ 2006ರಿಂದ 2009ರವರೆಗೆ ಇಂಥದ್ದೇ ಕಾರ್ಯಕ್ರಮ ನಡೆಸಿದರು. ಒಟ್ಟು 100 ಕಂತು. ಒಂದೊಂದು ಕಂತಿಗೂ ಒಂದೊಂದು ವಿಷಯ. ಮೊದಲನೆಯದು ಹವಾಮಾನ, ಎರಡನೆಯದು ತಾಯಿ. ಐದನೆಯದು ಕಾಫಿ! ಚಿಕ್ಕಮಗಳೂರಿನವರು ಇದನ್ನು ಹುಡುಕಿ ಕೇಳಲೇಬೇಕು. ನಮ್ಮ ದೇಶಕ್ಕೂ ಇದು ಹೊಸದೇನಲ್ಲ. ವಿವಿಧ ಭಾರತಿ 1957ರಲ್ಲಿ ಶುರುವಾಯಿತು. ಅದರಲ್ಲಿ ಯೋಧರಿಗಾಗಿ ಬರುವ ಜೈಮಾಲಾ ಕಾರ್ಯಕ್ರಮಕ್ಕೆ ಎಷ್ಟೋ ಸಂಗೀತ ನಿರ್ದೇಶಕರು ತಾವೇ ಬಂದು, ಹಾಡು ಆರಿಸಿ, ಮಾತಾಡಿ ಹೋಗಿದ್ದಾರೆ.

ಸಂಗೀತಗಾರರ ಕಿವಿ ಹೇಗೆ ಬೇರೆ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಹಾಸನದಲ್ಲಿ. ನನ್ನ ಸೋದರಮಾವ ತಬಲಾ ನುಡಿಸುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯ ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಸುಗಮ ಸಂಗೀತಕ್ಕೆ ಸಾಥ್ ಕೊಡುತ್ತಾ ಬಂದವರು. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಒಂದು ಸಂಜೆ ಅವರ ಹಳೆಯ ಟೇಪ್ ರೆಕಾರ್ಡರ್ ಮುಂದೆ ಕೂತಿದ್ದೆವು. ಮಾವ ಭಾವಗೀತೆಗಳ ಒಂದು ಕ್ಯಾಸೆಟ್ ತೆಗೆದು ನೇರವಾಗಿ ಬಿ ಸೈಡ್, ಅಂದರೆ ಅದರ ಎರಡನೆಯ ಬದಿ, ಹಾಕಿದರು. ಪಲ್ಲವಿ ಮುಗಿಯುತ್ತಿದ್ದ ಹಾಗೆ ಬಟನ್ ಒತ್ತಿ ನಿಲ್ಲಿಸಿಬಿಟ್ಟರು.

“ಈಗ ಚರಣ ಬರುತ್ತೆ ನೋಡಮ್ಮ. ಪದ ಕೇಳ್ಬೇಡ, ತಬಲಾ ಕೇಳು. ಇಲ್ಲಿತನಕ ಕೆಹರ್ವಾ ತಾಳ ಇತ್ತು, ಎಂಟು ಮಾತ್ರೆ, ಅಂದ್ರೆ ಎಂಟು ಎಣಿಕೆ. ಈಗ ದಾದ್ರಾಗೆ ಇಳೀತಾರೆ, ಆರು. ಎಡಗೈ ಎಷ್ಟು ಮೆತ್ತಗೆ ಮಾಡಿದ್ದಾರೆ ಗಮನಿಸು. ಆ ಸಾಲು ಹಂಗಿದೆ, ಅದಕ್ಕೆ.”

ಮತ್ತೆ ಟೇಪ್ ಓಡಿತು. ಆ ಹಾಡನ್ನು ಚಿಕ್ಕಂದಿನಲ್ಲಿ ನಾನು ಮನೆಯಲ್ಲಿ ಕೇಳಿದ್ದೆ. ಆದರೆ ಆ ತಿರುವು ಕಿವಿಗೆ ಬಿದ್ದಿರಲೇ ಇಲ್ಲ. ತಾಳ ಬದಲಾದ ಕೂಡಲೇ ಗಾಯಕಿಯ ದನಿಯೂ ಸ್ವಲ್ಪ ತಗ್ಗುತ್ತದೆ. ಕೊಳಲು ಒಂದೇ ಒಂದು ಸ್ವರ ಹಿಡಿದು ಕಾಯುತ್ತದೆ. ಸಾಲು ಮುಗಿದ ಮೇಲೆ ಮತ್ತೆ ಎಂಟು ಮಾತ್ರೆಗೆ ಬಂದಾಗ ಎದೆ ಹಗುರ ಆಗುತ್ತದೆ. ಇಷ್ಟೆಲ್ಲ ಆ ಹಾಡಿನೊಳಗೆ ಮೊದಲಿನಿಂದಲೂ ಇತ್ತು. ತೋರಿಸುವವರು ಬೇಕಿತ್ತು, ಅಷ್ಟೇ. ಅವತ್ತು ಊಟಕ್ಕೆ ಏಳುವ ಹೊತ್ತಿಗೆ ರಾತ್ರಿ ತುಂಬಾ ತಡವಾಗಿತ್ತು. ಅತ್ತೆ ಸಾರನ್ನು ಮತ್ತೆ ಬಿಸಿ ಮಾಡಬೇಕಾಯಿತು.

ನಮ್ಮ ಭಾವಗೀತೆಗಳಿಗೆ ರೇಡಿಯೋ ಅಂದರೆ ತವರುಮನೆಯೇ. ಎಚ್.ಕೆ. ನಾರಾಯಣ, ಪದ್ಮಚರಣ್ ಅಂಥವರು ಬೆಂಗಳೂರು ಆಕಾಶವಾಣಿಯಲ್ಲಿದ್ದುಕೊಂಡೇ ಎಷ್ಟೋ ಕವಿತೆಗಳಿಗೆ ರಾಗ ಹಾಕಿದರು. ಅವುಗಳಲ್ಲಿ ಕೆಲವು ಶಾಲೆಯ ಪ್ರಾರ್ಥನೆ, ಮದುವೆ ಮನೆ, ನಮ್ಮ ಸಂಘದ ಯುಗಾದಿ ಕಾರ್ಯಕ್ರಮದವರೆಗೂ ಬಂದವು. ಉಳಿದವು ಒಂದೆರಡು ಸಲ ಬಾನಿಗೆ ಹೋಗಿ ಹಾಗೇ ಮರೆತುಹೋದವು. ನಾವೂ ಪ್ರತಿ ವರ್ಷ ಅದೇ ಹತ್ತು ಹಾಡು ಹಾಡುತ್ತೇವೆ, ಅಲ್ವಾ? ಆ ಹತ್ತೂ ಒಳ್ಳೆಯ ಹಾಡುಗಳೇ. ಆದರೆ ಅವುಗಳ ಅಕ್ಕತಂಗಿಯರು ಎಲ್ಲಿ ಅಂತ ಕೇಳುವವರಿಲ್ಲ ಅನ್ನುವುದು ನನ್ನ ಕೊರಗು.

ಇನ್ನೊಂದು ಸಂಗತಿ. ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳುವ ರೂಢಿ ಇದೆ. ಫೋನಿನ ಆ್ಯಪ್‌ಗಳಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ ಕಾಣುತ್ತದೆ, ಬರೆದವರ ಹೆಸರು ಹುಡುಕಬೇಕು. ನಮ್ಮ ಸಕಲೇಶಪುರದ ಎಸ್.ಕೆ. ಕರೀಂಖಾನ್ ಅವರನ್ನೇ ನೋಡಿ. ಊರೂರು ಅಲೆದು ಜನಪದ ಗೀತೆಗಳನ್ನು ಕೂಡಿಟ್ಟವರು. ಜಾನಪದ ಜಂಗಮ ಅಂತ ಜನ ಕರೆದರು. 1962ರ ‘ಸ್ವರ್ಣಗೌರಿ’ ಸಿನಿಮಾಕ್ಕೆ ಹಾಡು ಬರೆದವರೂ ಅವರೇ. ಆ ಹಾಡುಗಳನ್ನು ಗುನುಗುವ ಹಾಸನದವರಲ್ಲೇ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಹಾಡು ಉಳಿದು, ಬರೆದವರ ಹೆಸರು ಅಳಿಯಬಾರದು.

ಹಾಸನ ಆಕಾಶವಾಣಿಯನ್ನು 102.2ರಲ್ಲಿ ಕೇಳುತ್ತಾ ಬೆಳೆದವರು ನಮ್ಮಲ್ಲಿ ಜಾಸ್ತಿ ಜನ ಇದ್ದೀರಿ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುವುದರಿಂದ ಗುಡ್ಡ ಅಡ್ಡ ಬಂದರೆ ತಡೆಯುತ್ತವೆ. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಆಂಟೆನಾ ಹಿಡಿದುಕೊಂಡು ಜಗುಲಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಿದ್ದದ್ದು ಅದಕ್ಕೇ. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲೂ ಒಂದು ರೇಡಿಯೋ ಹಾಡುತ್ತಲೇ ಇರುತ್ತಿತ್ತು. ಇಲ್ಲಿಂದ ಕೇಳಲು ಆಕಾಶವಾಣಿಯ ಆ್ಯಪ್ ಇದೆ. ಚಳಿಗಾಲದಲ್ಲಿ ಊರಿನ ಸಂಜೆ ಆರು ನಮಗೆ ಮಧ್ಯಾಹ್ನ ಹನ್ನೆರಡೂವರೆ, ಒಗ್ಗರಣೆ ಹಾಕುವ ಹೊತ್ತು. ಸುಮ್ನೆ ಹಾಕಿ ನೋಡಿ.

ಕೇಳಿದರೆ ಮಾತ್ರ ಸಾಲದು, ನಾವೂ ಒಂದಿಷ್ಟು ಮಾಡೋಣ ಅಂತ ಸಂಪಾದಕ ಬಳಗದಲ್ಲಿ ಮಾತಾಡಿಕೊಂಡಿದ್ದೇವೆ. ನಮ್ಮ ಸದಸ್ಯರಲ್ಲಿ ವೀಣೆಯವರಿದ್ದಾರೆ, ಹಾರ್ಮೋನಿಯಂನವರಿದ್ದಾರೆ, ಚರ್ಚಿನಲ್ಲಿ ಕಾಯರ್ ಹಾಡುವವರೂ ಇದ್ದಾರೆ. ತಿಂಗಳ ಸಭೆಯ ದಿನ ಊಟಕ್ಕೆ ಮುಂಚೆ ಒಂದು ಗಂಟೆ ಅವರಲ್ಲಿ ಒಬ್ಬರಿಗೆ ಬಿಟ್ಟುಕೊಡೋಣ. ಅವರು ಹಾಡು ಆರಿಸಲಿ, ನಿಲ್ಲಿಸಲಿ, ಮತ್ತೆ ಹಾಕಲಿ, ತೋರಿಸಲಿ. ನಮ್ಮ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಹಾಡುವ ಹಾಡು ಬೇಡ ಅನ್ನುವುದೊಂದೇ ನಿಯಮ. ಮಕ್ಕಳೂ ಕೂರಲಿ. ಕನ್ನಡ ಪೂರ್ತಿ ಅರ್ಥವಾಗದ ಮಗುವಿಗೂ ಎಂಟು ಮಾತ್ರೆ ಆರಾಗಿದ್ದು ಕೇಳಿಸುತ್ತದೆ.

ಇದಕ್ಕೆ ನಿಮ್ಮ ಅಟ್ಟ, ಸೂಟ್‌ಕೇಸುಗಳಲ್ಲಿರುವ ಕ್ಯಾಸೆಟ್‌ಗಳು ಬೇಕು. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆಗೇ ಪ್ಲೇಯರ್‌ಗೆ ಹಾಕಬೇಡಿ. ಒಳಗಿನ ಟೇಪ್ ಅಂಟಿಕೊಂಡಿರಬಹುದು, ಎಳೆದರೆ ತುಂಡಾಗುತ್ತದೆ. ಮೊದಲು ಪೆನ್ಸಿಲ್ ತೂರಿಸಿ ನಿಧಾನವಾಗಿ ತಿರುಗಿಸಿ. ಬೂಷ್ಟು ಕಂಡರೆ ಹಾಗೇ ತನ್ನಿ, ಅದನ್ನು ಶುಚಿ ಮಾಡಿಯೇ ಡಿಜಿಟಲ್‌ಗೆ ಇಳಿಸಬೇಕು. ಕೆಲಸ ಮುಗಿದ ಮೇಲೆ ಕ್ಯಾಸೆಟ್ ನಿಮಗೇ ವಾಪಸ್. ಡಬ್ಬಿಯೊಳಗೆ ಮಡಿಸಿಟ್ಟ ಕಾಗದವನ್ನು ಮಾತ್ರ ಮರೆಯದೆ ತನ್ನಿ. ಕವಿಯ ಹೆಸರು, ರಾಗ ಹಾಕಿದವರ ಹೆಸರು ಇರುವುದು ಅದರಲ್ಲೇ.