ವರದಿಯೂ ತವರಿಗೆ ಹೋಗಲಿ

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಗರ್ಭಿಣಿಯರಿಗೆ ಎಚ್‌ಐವಿ ಪರೀಕ್ಷೆಯ ಜೊತೆಗೇ ಹೆಪಟೈಟಿಸ್ ಬಿ, ಅಂದರೆ ತಾಯಿಯಿಂದ ಕೂಸಿಗೂ ದಾಟುವ ಲಿವರ್ ಸೋಂಕಿನ ಪರೀಕ್ಷೆಯನ್ನೂ ಮಾಡಿಸುತ್ತೇವೆ. ಆದರೆ ಪಾಸಿಟಿವ್ ಬಂದ ಮೇಲಿನ ಕೆಲಸ ನಡುದಾರಿಯಲ್ಲೇ ನಿಂತುಬಿಡುತ್ತದೆ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ಏಳನೇ ತಿಂಗಳಿಗೆ ಕುಬಸ ಮಾಡಿ ಕಳಿಸುತ್ತಾರೆ. ವೈರಸ್ ಜಾಸ್ತಿ ಇರುವ ಗರ್ಭಿಣಿಗೆ, ಅದು ಕೂಸಿಗೆ ದಾಟದಂತೆ, ಟೆನೊಫೊವಿರ್ ಮಾತ್ರೆ ಶುರು ಮಾಡಬೇಕಾದ್ದೂ ಹೆಚ್ಚುಕಡಿಮೆ ಅದೇ ತಿಂಗಳಲ್ಲಿ. ಹುಡುಗಿ ಆ ಊರಿಗೆ, ವರದಿ ಈ ಊರಿನ ರಿಜಿಸ್ಟರಿನಲ್ಲಿ.

ನಮ್ಮೂರ ಸೊಸೆಯೊಬ್ಬಳಿಗೆ ಹೀಗೇ ಆಯಿತು. ತವರಿನ ಕಡೆ ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆ. ತಾಯಿ ಕಾರ್ಡಿನ ಒಳಪುಟದಲ್ಲಿ ಬರೆದದ್ದನ್ನು ಯಾರೂ ನೋಡಲಿಲ್ಲ. ಎಲ್ಲ ಕೂಸುಗಳಿಗೂ ಹಾಕುವ ಹೆಪಟೈಟಿಸ್ ಬಿ ಲಸಿಕೆ ಹಾಕಿದರು. ಇಂಥ ತಾಯಿಯ ಕೂಸಿಗೆ ಅದರ ಜೊತೆಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಬೀಳಬೇಕಿತ್ತು. ಅದು ಬೀಳಲಿಲ್ಲ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಬಾಣಂತಿ ಮನೆಗೆ ಬಂದಾಗಿತ್ತು.

ಇವೆರಡೂ ಹುಟ್ಟಿದ 24 ಗಂಟೆಯೊಳಗೆ, ಆದಷ್ಟು ಬೇಗ ಬೀಳಬೇಕು. ದೊಡ್ಡವರಿಗೆ ಈ ಸೋಂಕು ತಗುಲಿದರೆ ಬಹಳಷ್ಟು ಮಂದಿಗೆ ತಾನಾಗೇ ಹೋಗುತ್ತದೆ. ಹುಟ್ಟುವಾಗಲೇ ತಗುಲಿದ ಕೂಸುಗಳಲ್ಲಿ 100ಕ್ಕೆ ಸುಮಾರು 90ರಲ್ಲಿ ಉಳಿದುಬಿಡುತ್ತದೆ. ಇದರಿಂದ ಮುಂದೆ ಲಿವರ್ ಗಟ್ಟಿಯಾಗಬಹುದು, ಕ್ಯಾನ್ಸರ್ ಆಗಬಹುದು. ಆ ಇಮ್ಯುನೊಗ್ಲಾಬ್ಯುಲಿನ್ ಹೊರಗೆ ಕೊಂಡರೆ ಸಾವಿರಗಟ್ಟಲೆ ರೂಪಾಯಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪುಕ್ಕಟೆ. ಆದರೆ ಫ್ರಿಜ್‌ನಲ್ಲಿಡುವ ಔಷಧ ಅದು. ನೋವು ಶುರುವಾದ ಮೇಲೆ ಹುಡುಕಿದರೆ ಎಲ್ಲಿಂದ ಸಿಗಬೇಕು?

ಕಾರ್ಡಿನ ಮೇಲೆಯೇ ಕೆಂಪಕ್ಷರದಲ್ಲಿ ಬರೆಯಿರಿ ಎನ್ನುವವರಿದ್ದಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಆ ಕಾರ್ಡು ಅಂಗನವಾಡಿಯಿಂದ ಹಿಡಿದು ನೆಂಟರ ಕೈವರೆಗೂ ಓಡಾಡುತ್ತದೆ. ಇದೇ ಮನೆಯಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಈಕಿ ತಾಟು ಬ್ಯಾರೆ ಇಡಬೇಕೇನ್ರಿ? ಕೂಸಿಗೆ ಹಾಲು ಕುಡಿಸಬಹುದೇನ್ರಿ?" ಎಂದು ಕೇಳಿದ್ದರು. ಒಂದೇ ತಾಟಿನಲ್ಲಿ ಉಂಡರೆ ಇದು ಬರುವುದಿಲ್ಲ. ಎದೆಹಾಲು ಧಾರಾಳವಾಗಿ ಕುಡಿಸಬಹುದು. ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದೆ. ಆ ಮಾತಿಗೆ ಮಾತ್ರ ಮನೆಯಲ್ಲಿ ಎಲ್ಲರೂ ಸುಮ್ಮನಾದರು.

ಆರೋಗ್ಯ ಇಲಾಖೆಯನ್ನು ಕೇಳುವುದಿಷ್ಟೇ. ಪಾಸಿಟಿವ್ ಇರುವ ಗರ್ಭಿಣಿ ತವರಿಗೆ ಹೊರಟಳು ಎಂದು ನಾವು ತಿಳಿಸಿದ ದಿನವೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಲ್ಲಿಯ ತಾಲ್ಲೂಕು ಆಸ್ಪತ್ರೆಗೆ ಫೋನ್ ಹೋಗಲಿ. ಮಾತ್ರೆ ಅಲ್ಲಿ ಮುಂದುವರಿಯಲಿ. ದಿನ ತುಂಬುವ ಮೊದಲೇ ಇಂಜೆಕ್ಷನ್ ಆ ಹೆರಿಗೆ ವಾರ್ಡಿನ ಫ್ರಿಜ್‌ನಲ್ಲಿರಲಿ. ಆಕೆ ಹೊರಡುವ ದಿನ ನಮಗೆ ಗೊತ್ತೇ ಇರುತ್ತದೆ. ಯಾರಿಗೆ ಹೇಳಬೇಕು ಎಂಬುದನ್ನು ಇಲಾಖೆ ಬರೆದು ಕೊಡಲಿ.

ಇಂತಿ,
ಒಬ್ಬ ಆಶಾ ಕಾರ್ಯಕರ್ತೆ
ಹಾವೇರಿ ಜಿಲ್ಲೆ