ಗೈಡ್ ಪರೀಕ್ಷೆ ಪಾಸಾಯ್ತು, ಎಲ್ರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಲಂಡನ್ ಟೂರ್ ಗೈಡ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾದೆ! ಮೊದಲನೇ ಸಲ ಪಾರ್ಲಿಮೆಂಟ್ ಭಾಗದಲ್ಲೇ ಎಡವಿದ್ದೆ, ಆಮೇಲೆ ತಮ್ಮ ನೋಟ್ಸ್ ಪೂರ್ತಿ ಕೊಟ್ಟ ಗೆಳತಿ, ಶನಿವಾರ ಶನಿವಾರ ಮಕ್ಕಳನ್ನ ನೋಡ್ಕೊಂಡ ನಮ್ಮ ಯಜಮಾನ್ರು, ಥೇಮ್ಸ್ ದಂಡೆ ಮೇಲಿರೋ ಬಸವಣ್ಣನವರ ಪ್ರತಿಮೆ ಹತ್ರ ನನ್ನನ್ನ ನಿಲ್ಲಿಸಿ ನದಿ ಆಚೆ ಕಾಣೋ ಪಾರ್ಲಿಮೆಂಟ್ ಬಗ್ಗೆ ಕನ್ನಡದಲ್ಲೇ ಹೇಳಿಸಿದ ಪಕ್ಕದ್ಮನೆ ಆಂಟಿ, ನಿಮ್ಮೆಲ್ಲರ ಋಣ ದೊಡ್ಡದು.

ಇನ್ನೊಬ್ರಿಗೂ ಹೇಳ್ಬೇಕು, ಅವ್ರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ಲೆಫ್ಟಿನೆಂಟ್ ಜನರಲ್ ಡೇವಿಡ್ ಲೀಕಿ. ರಾಯಲ್ ಟ್ಯಾಂಕ್ ರೆಜಿಮೆಂಟ್‌ನವರು, 2004ರ ಡಿಸೆಂಬರ್‌ನಲ್ಲಿ ಬೋಸ್ನಿಯಾದಲ್ಲಿ ಶಾಂತಿ ಕಾಪಾಡೋ ಜವಾಬ್ದಾರಿ ನೇಟೋ ಕೈಯಿಂದ ಯುರೋಪಿಯನ್ ಯೂನಿಯನ್‌ಗೆ ಬಂದಾಗ ಸುಮಾರು 7,000 ಸೈನಿಕರ ಆ ಪಡೆಗೆ ಮೊದಲ ಕಮಾಂಡರ್ ಇವರೇ, ಆಮೇಲೆ ಬ್ರಸೆಲ್ಸ್‌ನಲ್ಲಿ ಯೂನಿಯನ್ನಿನ ಮಿಲಿಟರಿ ಸ್ಟಾಫ್ ಮುಖ್ಯಸ್ಥರು. ಅಷ್ಟೆಲ್ಲಾ ಮಾಡಿದವರು 2011ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ಗೆ ಬ್ಲ್ಯಾಕ್ ರಾಡ್ ಅನ್ನೋ ಅಧಿಕಾರಿಯಾಗಿ ಬಂದ್ರು, 2017ರವರೆಗೂ ಇದ್ರು. ಕರಿ ಕೋಟು, ಮೊಣಕಾಲುದ್ದದ ಚಲ್ಲಣ, ಉದ್ದ ಕಾಲುಚೀಲ, ಕೈಲಿ ಕರಿಮರದ ಕೋಲು. ವರ್ಷವಿಡೀ ಕೆಲಸ ಬೇರೆ ಇರತ್ತೆ, ಲಾರ್ಡ್ಸ್ ಕಡೆಯ ಶಿಸ್ತು-ವ್ಯವಸ್ಥೆ, ದೊಡ್ಡ ಸಮಾರಂಭಗಳ ಏರ್ಪಾಡು ಎಲ್ಲಾ. ಆದ್ರೆ ಜನ ನೋಡೋದು ಅಧಿವೇಶನದ ಉದ್ಘಾಟನೆ ದಿನ, ರಾಜರ ಪರವಾಗಿ ಕೆಳಮನೆ ಕಾಮನ್ಸ್‌ನ ಸದಸ್ಯರನ್ನ ಕರೆಯೋಕೆ ಹೋದಾಗ ಮುಖದ ಮೇಲೇ ಬಾಗಿಲು ಹಾಕ್ತಾರಲ್ಲ, ಅದನ್ನ.

ಯಾಕಂದ್ರೆ 1642ರಲ್ಲಿ ಒಂದನೇ ಚಾರ್ಲ್ಸ್ ರಾಜ ಐದು ಜನ ಸದಸ್ಯರನ್ನ ಹಿಡಿಯೋಕೆ ಸೈನಿಕರನ್ನ ಕರ್ಕೊಂಡು ಕಾಮನ್ಸ್‌ಗೆ ನುಗ್ಗಿದ್ದ. ಅವತ್ತಿಂದ ಯಾವ ರಾಜ ರಾಣಿಯೂ ಕಲಾಪಕ್ಕೆ ಅಂತ ಆ ಸಭೆಯೊಳಗೆ ಕಾಲಿಟ್ಟಿಲ್ಲ. ಸೈನಿಕರು ಬಂದಿದ್ದ ಆ ಸಭೆಯ ಬಾಗಿಲಿಗೇ ಸೈನ್ಯ ನಡೆಸಿದವರೊಬ್ರು ಹೋಗಿ, ಮೂರು ಸಲ ಬಡಿದು, ತೆಗೆಯೋವರೆಗೂ ಕಾಯ್ತಾರೆ. ಇದು ಅರ್ಥ ಆದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಅಪ್ಪ ನೆನಪಾದ್ರು.

ಅಪ್ಪ ಬೆಂಗಳೂರಿನಲ್ಲಿರೋ ಸೇನೆಯ ಇಂಜಿನಿಯರ್ ಪಡೆ ಎಂಇಜಿಯಿಂದ ನಾಯಬ್ ಸುಬೇದಾರ್ ಆಗಿ ರಿಟೈರ್ ಆದವ್ರು, ಆಮೇಲೆ ನಮ್ಮ ಸ್ಕೂಲ್ ಗೇಟಲ್ಲೇ ಒಂಬತ್ತು ವರ್ಷ ಡ್ಯೂಟಿ ಮಾಡಿದ್ರು. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಹಾಕಿದ ಬೂಟು, ಪಾಸ್ ಇಲ್ಲದಿದ್ರೆ ಯಾರ ಕಾರನ್ನೂ ಬಿಡ್ತಿರ್ಲಿಲ್ಲ. ನಾನು ಆ ಗೇಟ್ ದಾಟೋವಾಗ ಅವರ ಕಡೆ ನೋಡ್ತಾ ಇರ್ಲಿಲ್ಲ, ಫ್ರೆಂಡ್ಸ್‌ಗೆ ಗೊತ್ತಾಗತ್ತೆ ಅಂತ. ಅವರಿಗೆ ಅದು ಗೊತ್ತಿತ್ತು, ಒಂದಿನವೂ ಕೇಳ್ಲಿಲ್ಲ.

ಪರೀಕ್ಷೆ ದಿನ ಬ್ಲ್ಯಾಕ್ ರಾಡ್ ಬಗ್ಗೆಯೇ ಪ್ರಶ್ನೆ ಬಂತು, ನಿಲ್ಲಿಸದೆ ಹೇಳ್ದೆ. ರಿಸಲ್ಟ್ ಬಂದ ಮೇಲೆ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೂ ಹೇಳ್ದೆ, ಸ್ಕೂಲ್ ಗೇಟಿನ ಮಾತೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅಷ್ಟು ದೊಡ್ಡ ಆಫೀಸರ್ರು ಕಾಯ್ಕೊಂಡು ನಿಲ್ತಾರಾ?" ಅಂದ್ರು.

ನಿಲ್ತಾರೆ ಅಪ್ಪ. ಜೂನಲ್ಲಿ ಬನ್ನಿ, ನನ್ನ ಮೊದಲ ಟೂರ್ ನಿಮಗೇ.