ಹಬ್ಬದ ದಿನ ಫೋನು ಮಾಡದ್ದಕ್ಕೆ

ವಿನಿಪೆಗ್, ಕೆನಡಾ
ಜನವರಿ 18

ಅಮ್ಮನಿಗೂ ಅಪ್ಪಾಜಿಯವರಿಗೂ ನಮಸ್ಕಾರಗಳು.

ಅಮ್ಮ, ಸಂಕ್ರಾಂತಿಗೂ ಫೋನು ಮಾಡಲಿಲ್ಲವೆಂದು ನೀನು ಮುನಿಸಿಕೊಂಡಿರುವುದು ತಮ್ಮನಿಂದ ತಿಳಿಯಿತು. ಸುಳ್ಳು ನೆಪ ಹೇಳುವುದಿಲ್ಲ. ಇಲ್ಲಿ ರಾತ್ರಿ ಒಂಬತ್ತು, ನಿಮಗೆ ಹಬ್ಬದ ಬೆಳಿಗ್ಗೆ ಎಂಟೂವರೆ. ಫೋನು ಕೈಯಲ್ಲೇ ಇತ್ತು. ಕಿವಿಗೆ ಹಿಡಿಯಲು ಮನಸ್ಸಾಗಲಿಲ್ಲ. ಅಂದು ಇಂಟರ್‌ನೆಟ್ ಕಂಪನಿಯ ಗ್ರಾಹಕರ ಕರೆಗಳಲ್ಲಿ ಐವತ್ತೆರಡು ಜನರ ದೂರು ಕೇಳಿದ್ದೆ. ಅವರ ಮೇಲಿನ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೇನು ಎಂಬ ಹೆದರಿಕೆ. ಅದಕ್ಕೇ ಈ ಪತ್ರ. ಇದರ ಫೋಟೊ ತಮ್ಮನ ಮೊಬೈಲಿಗೆ ಬರುತ್ತದೆ. ಅಂಚೆಯನ್ನು ನೆಚ್ಚಿಕೊಂಡರೆ ಶಿವರಾತ್ರಿಯೂ ಕಳೆದಿರುತ್ತದೆ.

ಮನೆಯಲ್ಲೇ ಕೂತು ಸಂಬಳ ಎಣಿಸುತ್ತಾಳೆ ಎಂದು ದೊಡ್ಡಮ್ಮ ಹೇಳಿದರಂತೆ. ಅರ್ಧ ನಿಜ. ಇವತ್ತು ಹೊರಗೆ ಮೈನಸ್ 31 ಡಿಗ್ರಿ. ಬಸ್ಸಿಗೆ ಕಾದು ನಿಂತರೆ ಕಣ್ಣಿನ ರೆಪ್ಪೆಯ ಮೇಲೆ ಹಿಮ ಕಟ್ಟುತ್ತದೆ. ಆ ಕಷ್ಟ ನನಗಿಲ್ಲ. ಮಧ್ಯಾಹ್ನ ಬಿಸಿ ಅನ್ನ, ಸಾರು. ಬಾಡಿಗೆ, ವಿದ್ಯುತ್ತಿನ ಖರ್ಚಿನಲ್ಲಿ ಒಂದು ಪಾಲನ್ನು ಆದಾಯ ತೆರಿಗೆಯಲ್ಲಿ ತೋರಿಸಬಹುದು. ಕಂಪನಿ ಟಿ2200 ಎಂಬ ನಮೂನೆಗೆ ಸಹಿ ಮಾಡಿಕೊಟ್ಟರಾಯಿತು. ಕುಕ್ಕರ್ ಮಾತ್ರ ಕರೆಗಳು ಶುರುವಾಗುವ ಮೊದಲು, ಎಂಟು ಗಂಟೆಯೊಳಗೆ ಇಳಿಸಿಬಿಡುತ್ತೇನೆ. ಒಮ್ಮೆ ಕರೆಯ ನಡುವೆ ಅದು ಕೂಗಿದಾಗ, ಆ ಕಡೆಯ ಹೆಂಗಸು ನಿಮ್ಮ ಮನೆ ರೈಲು ನಿಲ್ದಾಣದ ಪಕ್ಕದಲ್ಲಿದೆಯೇ ಎಂದು ಕೇಳಿದರು. ಅರಸೀಕೆರೆಯಲ್ಲಿದ್ದಿದ್ದರೆ ಹೌದು ಎನ್ನಬಹುದಿತ್ತು.

ಇಂಟರ್‌ನೆಟ್ ಕೆಟ್ಟಾಗ, ಬಿಲ್ಲು ತಪ್ಪಿದಾಗ ಮಾತ್ರ ಜನ ನಮಗೆ ಕರೆ ಮಾಡುತ್ತಾರೆ. ಸರಿಯಾಗಿದೆ ಎಂದು ಹೇಳಲು ಯಾರೂ ಮಾಡುವುದಿಲ್ಲ. ಬಚ್ಚಲಿಗೆ ಹೋಗಬೇಕಾದರೂ ಪರದೆಯ ಮೇಲೆ ಒಂದು ಗುಂಡಿ ಒತ್ತಿ ಹೋಗಬೇಕು, ಆ ನಿಮಿಷಗಳಿಗೂ ಲೆಕ್ಕವಿದೆ. ಬೈಗುಳ ಹೊಸದಲ್ಲ. ಕಚೇರಿಯಲ್ಲಿದ್ದಾಗ ಬೈಸಿಕೊಂಡವಳ ಮುಖ ನೋಡಿ ಪಕ್ಕದವಳು ಹುಬ್ಬು ಹಾರಿಸುತ್ತಿದ್ದಳು, ಇಬ್ಬರೂ ನಕ್ಕು ಕಾಫಿಗೆ ಏಳುತ್ತಿದ್ದೆವು. ಇಲ್ಲಿ ಮೇಜಿಗೂ ಮಂಚಕ್ಕೂ ನಡುವೆ ಎರಡೇ ಹೆಜ್ಜೆ. ಹಗಲು ಬೈದವನು ರಾತ್ರಿಯೂ ಅದೇ ಕೋಣೆಯಲ್ಲಿರುತ್ತಾನೆ.

ನನ್ನ ಉಚ್ಚಾರಣೆ ಕೇಳಿ, ನೀನು ಭಾರತದಲ್ಲಿ ಕೂತಿದ್ದೀಯೆ ಎಂದು ಗದರುವವರೂ ಇದ್ದಾರೆ. ಮೊನ್ನೆ ಒಬ್ಬ, ವಿನಿಪೆಗ್‌ನಲ್ಲೇ ಇದ್ದರೆ ಚಳಿ ಎಷ್ಟಿದೆ ಹೇಳು ಎಂದ. ಕಿಟಕಿಯಾಚೆ ನೋಡಿ, ಪಕ್ಕದ ಮನೆಯವರು ಎಂಜಿನ್ ಹೆಪ್ಪುಗಟ್ಟದಿರಲೆಂದು ಕಾರಿಗೆ ವಿದ್ಯುತ್ ವೈರು ಸಿಕ್ಕಿಸಿದ್ದಾರೆ ಎಂದೆ. ನಕ್ಕುಬಿಟ್ಟ. ಪಾಸ್‌ಪೋರ್ಟ್ ತೋರಿಸಿದ್ದರೂ ಅಷ್ಟು ನಂಬುತ್ತಿರಲಿಲ್ಲವೇನೋ.

ಅಪ್ಪಾಜಿ, ಇದು ನಿಮಗೆ. ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಗಡಿಯಾರವೂ ನಮ್ಮ ದೇಶದ್ದರಂತೆ ಅರ್ಧ ಗಂಟೆಯ ಲೆಕ್ಕದ್ದು, ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿಯ ವೃದ್ಧರೊಬ್ಬರು ಬಿಲ್ಲಿನಲ್ಲಿ ನಾಲ್ಕು ಡಾಲರ್ ಹೆಚ್ಚಾಗಿದೆಯೆಂದು ಕರೆ ಮಾಡಿದರು. ಎರಡು ನಿಮಿಷದಲ್ಲಿ ಸರಿಹೋಯಿತು. ಆಮೇಲೆ ಹದಿನೆಂಟು ನಿಮಿಷ ಹಿಮದ ಮಾತು, ಮೀನಿನ ಮಾತು, ಆಲ್ಬರ್ಟಾದ ಎಣ್ಣೆ ಬಾವಿಯಲ್ಲಿ ದುಡಿಯುವ ಮಗನ ಮಾತು. ಅವನೂ ಹಬ್ಬಕ್ಕೆ ಫೋನು ಮಾಡಿರಲಿಲ್ಲ. ನನ್ನಿಂದ ಕರೆ ಮುಗಿಸಲಾಗಲಿಲ್ಲ. ಒಂದು ಕರೆಗೆ ಎಷ್ಟು ನಿಮಿಷ ಎಂಬ ವಾರದ ಸರಾಸರಿ ಕೆಟ್ಟಿತು, ಮೇಲ್ವಿಚಾರಕಿ ಕಾರಣ ಕೇಳಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಟ್ರಂಕ್ ಕಾಲ್ ಹಾಕಿಕೊಡುತ್ತಿದ್ದಾಗ ನೀವೂ ಮೂರು ನಿಮಿಷ ಮುಗಿಯಿತೆಂದು ನಡುವೆ ಹೇಳಬೇಕಿತ್ತಲ್ಲ. ಆ ಕಡೆ ಯಾರಾದರೂ ಅಳುತ್ತಿದ್ದರೆ ಏನು ಮಾಡುತ್ತಿದ್ದಿರಿ? ಇಷ್ಟು ವರ್ಷ ನಾನು ಕೇಳಲೇ ಇಲ್ಲ.

ಭಾನುವಾರ ರಜೆ. ನಿಮಗೆ ಸಂಜೆ ಏಳಾದಾಗ ಫೋನು ಮಾಡುತ್ತೇನೆ. ಎಳ್ಳು ಬೀರಲು ಯಾರ ಯಾರ ಮನೆಗೆ ಹೋಗಿದ್ದೆ, ಎಲ್ಲವನ್ನೂ ನೀನೇ ಹೇಳು, ಅಮ್ಮ. ಅಭ್ಯಾಸಬಲದಿಂದ ನಿನ್ನ ಖಾತೆಯ ಸಂಖ್ಯೆ ಕೇಳಿಬಿಟ್ಟರೆ ನಗಬೇಡ.

ನಿಮ್ಮ ಮಗಳು